ಶಾಲೆಯ ರಂಗದ ಮೇಲೆ ಅಂತಿಗೊನೆ: ಹಳೆಯ ದುರಂತವನ್ನು ಹೊಸದಾಗಿ ಕಟ್ಟುವ ಬಗೆ

ಮಕ್ಕಳು ಹಳೆಯ ದುರಂತ ನಾಟಕವೊಂದನ್ನು ಹೊಸ ಕಾಲಕ್ಕೆ ತಂದು ಆಡುವಾಗ ಸಾಮಾನ್ಯವಾಗಿ ಮೊದಲು ಬದಲಾಗುವುದು ಬಟ್ಟೆ. ಆಮೇಲೆ ಕೈಗೆ ಮೊಬೈಲ್ ಬರುತ್ತದೆ, ಮಾತು ಬೀದಿಯ ಮಾತಾಗುತ್ತದೆ. ಇಷ್ಟೆಲ್ಲ ಆದಮೇಲೂ ಅರ್ಧ ನಾಟಕದ ಹೊತ್ತಿಗೆ ಸಭೆ ಚಡಪಡಿಸತೊಡಗುತ್ತದೆ. ಈ ಹುಡುಗಿ ಯಾಕೆ ಸಾಯಬೇಕು, ಇದನ್ನು ಯಾರಾದರೂ ಕೂತು ಮಾತಾಡಿ ಬಗೆಹರಿಸಬಾರದೆ ಎಂದು ಪ್ರೇಕ್ಷಕರಿಗೆ ಅನ್ನಿಸಿದರೆ ನಾಟಕ ಅಲ್ಲಿಗೇ ಮುಗಿಯಿತು. ಹಾಗಾಗಿ ಬಟ್ಟೆಯ ಯೋಚನೆ ಕೊನೆಗಿರಲಿ. ಮೊದಲು ನಾಟಕದ ಗಂಟು ಎಲ್ಲಿದೆ ಎಂದು ಹುಡುಕಬೇಕು.

ಉದಾಹರಣೆಗೆ ಇಲ್ಲಿ ಪ್ರಾಚೀನ ಗ್ರೀಕ್ ನಾಟಕಕಾರ ಸಾಫೊಕ್ಲಿಸನ ‘ಅಂತಿಗೊನೆ’ಯನ್ನೇ ಇಟ್ಟುಕೊಳ್ಳೋಣ. ಶಾಲೆಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಕಡಿಮೆ. ಮೂಲ ಸುಮಾರು 1,350 ಸಾಲು, ಹಾಗಾಗಿ ಕತ್ತರಿಸುವ ಕೆಲಸ ಹೆಚ್ಚಿಲ್ಲ. ನಾಯಕಿ ಹದಿವಯಸ್ಸಿನವಳು. ಕಥೆಯ ನಡುವೆ ಒಟ್ಟಾಗಿ ಮಾತಾಡುವ, ಹಾಡುವ ಮೇಳ (ಕೋರಸ್) ಇರುವುದರಿಂದ ತರಗತಿಯ ಬಹುಪಾಲು ಮಕ್ಕಳಿಗೆ ರಂಗದ ಮೇಲೆ ಜಾಗ ಸಿಗುತ್ತದೆ. 13ರಿಂದ 17 ವರ್ಷದ 30 ಮಕ್ಕಳು, 45 ನಿಮಿಷದ ನಾಟಕ, ವಾರಕ್ಕೆ ಒಂದೂವರೆ ಗಂಟೆಯ ಎರಡು ತಾಲೀಮಿನಂತೆ 10 ವಾರ ಎಂಬ ಲೆಕ್ಕದಲ್ಲಿ ಮುಂದಿನದನ್ನೆಲ್ಲ ಹೇಳಲಾಗಿದೆ. ಅಂದರೆ ಒಟ್ಟು 30 ಗಂಟೆ, ರಂಗದ ಮೇಲಿನ ಪ್ರತಿ ನಿಮಿಷಕ್ಕೆ 40 ನಿಮಿಷದ ತಾಲೀಮು. ಇದಕ್ಕಿಂತ ಕಡಿಮೆ ಸಮಯ ಇದ್ದರೆ ನಾಟಕವನ್ನೇ ಚಿಕ್ಕದು ಮಾಡಿ, ತಾಲೀಮನ್ನಲ್ಲ.

ಗಂಟು ಹುಡುಕುವುದು

ಕಥೆ ಗೊತ್ತಿರುವುದೇ. ಇಬ್ಬರು ಅಣ್ಣತಮ್ಮಂದಿರು ಊರ ಬಾಗಿಲಲ್ಲಿ ಒಬ್ಬರನ್ನೊಬ್ಬರು ಕೊಂದುಕೊಳ್ಳುತ್ತಾರೆ. ದೊರೆ ಕ್ರಿಯೋನ್ ಒಬ್ಬನಿಗೆ ಗೌರವದ ಸಂಸ್ಕಾರ ಮಾಡಿಸಿ, ಊರ ಮೇಲೆ ದಂಡೆತ್ತಿ ಬಂದ ಇನ್ನೊಬ್ಬನ ಹೆಣವನ್ನು ಯಾರೂ ಮುಟ್ಟಕೂಡದೆಂದು ಸಾರಿಸುತ್ತಾನೆ. ತಂಗಿ ಅಂತಿಗೊನೆ ಮಣ್ಣು ಹಾಕುತ್ತಾಳೆ. ದೊರೆ ಅವಳನ್ನು ಗವಿಯಲ್ಲಿ ಮುಚ್ಚಿಸುತ್ತಾನೆ. ಕುರುಡ ಕಾಲಜ್ಞಾನಿ ತೈರೀಸಿಯಸ್ ಬಂದು ಎಚ್ಚರಿಸಿದ ಮೇಲೆ ಕ್ರಿಯೋನ್ ಮನಸ್ಸು ಬದಲಿಸುತ್ತಾನೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಮೊದಲ ವಾರ ಮಕ್ಕಳಿಗೆ ಪಾತ್ರ ಹಂಚದೆ, ಇಡೀ ತರಗತಿ ಸುತ್ತ ಕೂತು ನಾಟಕ ಓದಲಿ. ಓದು ಮುಗಿದ ಮೇಲೆ ಒಂದೇ ಕೆಲಸ ಕೊಡಿ: ಯಾವ ಯಾವ ಜಾಗದಲ್ಲಿ ಕ್ರಿಯೋನ್ ಹಿಂದಕ್ಕೆ ಹೋಗಬಹುದಿತ್ತು ಎಂದು ಪೆನ್ಸಿಲಿನಲ್ಲಿ ಗುರುತು ಮಾಡಲಿ. ಕಾವಲುಗಾರ ಮೊದಲ ಸುದ್ದಿ ತಂದಾಗ, ಹಿಡಿದು ತಂದವಳು ಸ್ವಂತ ಸೊಸೆಯಾಗಬೇಕಾದವಳು ಎಂದು ಕಂಡಾಗ, ಮಗ ಹೀಮಾನ್ ಎದುರು ನಿಂತು ಊರಿನ ಮಾತು ಹೇಳಿದಾಗ, ತೈರೀಸಿಯಸ್ ಬಂದಾಗ. ಒಂದು ಜಾಗವನ್ನು ಮಾತ್ರ ಮಕ್ಕಳು ತಪ್ಪದೆ ಬಿಟ್ಟುಬಿಡುತ್ತಾರೆ, ಅದನ್ನು ನೀವೇ ತೋರಿಸಬೇಕು. ಕೊನೆಗೆ ಮೇಳ ಕ್ರಿಯೋನನಿಗೆ ಹೇಳುವುದು: ಮೊದಲು ಹುಡುಗಿಯನ್ನು ಬಿಡಿಸು, ಆಮೇಲೆ ಹೆಣಕ್ಕೆ ಸಂಸ್ಕಾರ ಮಾಡು. ಅವನು ಹೋಗಿ ಮಾಡುವುದು ತಿರುವುಮುರುವು. ಮೊದಲು ಹೆಣ, ಆಮೇಲೆ ಗವಿ. ಗವಿ ತಲುಪುವ ಹೊತ್ತಿಗೆ ಅಂತಿಗೊನೆ ಇಲ್ಲ.

ನಾಟಕದ ಪ್ರಾಣ ಇಲ್ಲಿದೆ. ತಪ್ಪು ತಿದ್ದಲು ಹೊರಟವನೂ ತನ್ನ ಹಳೆಯ ಲೆಕ್ಕದ ಕ್ರಮದಲ್ಲೇ ತಿದ್ದುತ್ತಾನೆ. ನೀವು ಯಾವ ಕಾಲಕ್ಕೆ ಕಥೆಯನ್ನು ಒಯ್ದರೂ ಈ ತಿರುವುಮುರುವು ಉಳಿಯಬೇಕು, ಮತ್ತು ಅದು ಸಭೆಗೆ ಗೊತ್ತಾಗಬೇಕು.

ಕಾಲ, ಜಾಗ ಬದಲಿಸುವುದು

ಎರಡನೆಯ ವಾರ ಮಕ್ಕಳು ನಾಲ್ಕೈದು ಜನರ ಗುಂಪಾಗಿ ಹೊಸ ಹಿನ್ನೆಲೆಗಳನ್ನು ತರಲಿ. ಪ್ರತಿಯೊಂದನ್ನೂ ಮೂರು ಪ್ರಶ್ನೆಗೆ ಒಡ್ಡಿ. ಕಟ್ಟಳೆ ಮಾಡಿದವನಿಗೆ ನಿಜವಾದ ಕಾರಣ ಇದೆಯೆ? ಅದನ್ನು ಮುರಿಯುವವಳಿಗೆ ಮುರಿಯದೆ ಗತಿಯಿಲ್ಲವೆ? ಆದದ್ದನ್ನು ಹಿಂತಿರುಗಿಸಲು ಸಾಧ್ಯವೆ? ಮೊದಲೆರಡಕ್ಕೆ ಹೌದು, ಮೂರನೆಯದಕ್ಕೆ ಇಲ್ಲ ಎಂದು ಬಂದರೆ ಮಾತ್ರ ಮುಂದುವರಿಯಿರಿ.

ಬಹುತೇಕ ಗುಂಪುಗಳು ಕಥೆಯನ್ನು ಶಾಲೆಯೊಳಕ್ಕೇ ತರುತ್ತವೆ. ಕ್ರಿಯೋನ್ ಮುಖ್ಯೋಪಾಧ್ಯಾಯ, ಅಂತಿಗೊನೆ ನಿಯಮ ಮುರಿದ ವಿದ್ಯಾರ್ಥಿನಿ, ಶಿಕ್ಷೆ ಅಮಾನತು. ಓದುವಾಗ ಚುರುಕಾಗಿ ಕಾಣುವ ಇದು ಮೂರನೆಯ ಪ್ರಶ್ನೆಯಲ್ಲಿ ಬಿದ್ದುಹೋಗುತ್ತದೆ. ಅಮಾನತನ್ನು ನಾಳೆ ರದ್ದು ಮಾಡಬಹುದು, ಸಾವನ್ನು ಮಾಡಲಾಗುವುದಿಲ್ಲ. ಇನ್ನೊಂದು ಸಾಮಾನ್ಯ ತಪ್ಪು ಕ್ರಿಯೋನನನ್ನು ದುಷ್ಟನನ್ನಾಗಿ ಮಾಡುವುದು. ಮೀಸೆ ತಿರುವಿ ಅಬ್ಬರಿಸುವ ದೊರೆ ಸೋತಾಗ ಸಭೆಗೆ ಸಂತೋಷವಾಗುತ್ತದೆ, ನೋವಾಗುವುದಿಲ್ಲ.

ಕೆಲಸಕ್ಕೆ ಬರುವ ಹಿನ್ನೆಲೆ ಹೇಗಿರುತ್ತದೆ? ಒಂದು ಸಾಂಕ್ರಾಮಿಕ ಬಂದ ಊರು ಎಂದಿಟ್ಟುಕೊಳ್ಳಿ. ಸುತ್ತ ಬೇಲಿ. ಯಾರೂ ಬೇಲಿ ದಾಟಕೂಡದು ಎಂಬುದು ಕಟ್ಟಳೆ. ಒಬ್ಬ ಅಣ್ಣ ಬೇಲಿಯ ಕಾವಲಿನವನು, ಇನ್ನೊಬ್ಬ ಹೊರಗಿನಿಂದ ಜನರನ್ನು ಒಳಗೆ ನುಗ್ಗಿಸಲು ಬಂದವನು. ಇಬ್ಬರೂ ಅಲ್ಲೇ ಸಾಯುತ್ತಾರೆ. ಒಬ್ಬನ ಹೆಣ ಬೇಲಿಯ ಒಳಗಿದೆ, ಇನ್ನೊಬ್ಬನದು ಹೊರಗೆ. ಈಗ ಕ್ರಿಯೋನನ ಮಾತಿನಲ್ಲಿ ಬಲವಿದೆ: ಒಬ್ಬಳಿಗಾಗಿ ಬೇಲಿ ತೆಗೆದರೆ ಊರೇ ಹೋಗುತ್ತದೆ. ಅಂತಿಗೊನೆಯದೂ ಸುಳ್ಳಲ್ಲ: ಹತ್ತು ಹೆಜ್ಜೆಯಾಚೆ ನನ್ನ ಅಣ್ಣ ಬಿದ್ದಿದ್ದಾನೆ. ಗವಿಯ ಬದಲು ದಾಟಿಬಂದವರನ್ನು ಕೂಡಿಹಾಕುವ ಒಂಟಿ ಕೋಣೆ. ತೈರೀಸಿಯಸ್ ಇಲ್ಲಿ ಕಣ್ಣು ಕಾಣದ ಮುದಿ ಸೂಲಗಿತ್ತಿಯಾಗಬಹುದು. ಮೂಲದಲ್ಲಿ ಕ್ರಿಯೋನ್ ಪಾಪ ಊರಿಗೆ ತಟ್ಟದಿರಲೆಂದು ಗವಿಯೊಳಗೆ ಒಂದಿಷ್ಟು ಆಹಾರ ಇಡಿಸುತ್ತಾನೆ. ಇಲ್ಲಿ ಆ ಕೋಣೆಯ ಕಿಂಡಿಯಲ್ಲಿ ಒಂದು ತಟ್ಟೆ ಇಟ್ಟರೆ ಸಾಕು, ಅದೇ ಮಾತನ್ನು ಹೇಳುತ್ತದೆ.

ಮೂಲವನ್ನು ಬದಲಿಸಲು ಹೆದರಬೇಕಾಗಿಲ್ಲ. ಬಿ.ಎಂ. ಶ್ರೀಕಂಠಯ್ಯನವರು ಸಾಫೊಕ್ಲಿಸನ ‘ಏಜಾಕ್ಸ್’ ನಾಟಕವನ್ನು ಮಹಾಭಾರತಕ್ಕೆ ತಂದು 1929ರಲ್ಲಿ ‘ಅಶ್ವತ್ಥಾಮನ್’ ಬರೆದಾಗ, ಪುರಾಣದಲ್ಲಿ ಚಿರಂಜೀವಿಯಾದವನನ್ನು ರಂಗದಲ್ಲಿ ಸಾಯಿಸಿದರು. ಪುರಾಣವನ್ನು ಬಾಗಿಸಿದರೇ ಹೊರತು ದುರಂತವನ್ನು ಬಾಗಿಸಲಿಲ್ಲ. ಹೊಸದಾಗಿ ಕಟ್ಟುವವರಿಗೆ ಇದೊಂದು ಒಳ್ಳೆಯ ಅಳತೆಗೋಲು.

ಒಂದು ಎಚ್ಚರಿಕೆ. ಸಾಫೊಕ್ಲಿಸನ ಮೇಲೆ ಯಾರ ಹಕ್ಕೂ ಇಲ್ಲ, ಆದರೆ ಅನುವಾದಕರ ಹಕ್ಕು ಇನ್ನೂ ಜೀವಂತ ಇರಬಹುದು. ಒಂದು ಅನುವಾದದ ಸಾಲುಗಳನ್ನು ಬಳಸುವುದಾದರೆ ಮೊದಲೇ ಒಪ್ಪಿಗೆ ಪಡೆಯಿರಿ. ಇಲ್ಲವೆ ದೃಶ್ಯಗಳ ಸಾರ ಬರೆದಿಟ್ಟುಕೊಂಡು ಮಾತುಗಳನ್ನು ಮಕ್ಕಳಿಂದಲೇ ಹೊಸದಾಗಿ ಬರೆಸಿ.

ರಂಗಪಠ್ಯ ಸಿದ್ಧಮಾಡುವುದು

ಪಠ್ಯ ಎಷ್ಟು ಹೊತ್ತಿನದು ಎಂದು ಪುಟ ಎಣಿಸಿ ತಿಳಿಯುವುದಿಲ್ಲ. ಗಡಿಯಾರ ಇಟ್ಟು ಇಡೀ ಪಠ್ಯವನ್ನು ಜೋರಾಗಿ ಓದಿಸಿ, ಬಂದ ಹೊತ್ತಿಗೆ ಅದರ ಮೂರನೇ ಒಂದು ಭಾಗ ಸೇರಿಸಿ. ಓದು 34 ನಿಮಿಷ ಹಿಡಿದರೆ ರಂಗದ ಮೇಲೆ ಅದು ಸುಮಾರು 45. ನಡಿಗೆ, ಮೌನ, ಮೇಳದ ಚಲನೆ ಎಲ್ಲ ಆ ಹೆಚ್ಚಿನ ಹೊತ್ತಿನಲ್ಲೇ ಇರುವುದು.

ಕತ್ತರಿಸುವಾಗ ವಂಶದ ಪೂರ್ವಕಥೆ, ದೇವತೆಗಳ ಹೆಸರು, ಮೇಳದ ಹಾಡುಗಳಲ್ಲಿನ ಬೇರೆ ಪುರಾಣಗಳ ಉಲ್ಲೇಖ ಇವು ಮೊದಲು ಹೋಗಲಿ. ಕ್ರಿಯೋನ್ ಮತ್ತು ಹೀಮಾನರ ವಾದವನ್ನು ಮಾತ್ರ ಆದಷ್ಟು ಉಳಿಸಿ. ಅಲ್ಲಿ ಮಗ ವಿನಯದಿಂದ ಶುರುಮಾಡಿ ಹಂತಹಂತವಾಗಿ ಏರುತ್ತಾನೆ. ಆ ಮೆಟ್ಟಿಲುಗಳಲ್ಲಿ ಎರಡನ್ನು ಕಿತ್ತರೂ ಜಗಳ ಇದ್ದಕ್ಕಿದ್ದಂತೆ ಸಿಡಿದಂತೆ ಕಾಣುತ್ತದೆ.

ಕಾವಲುಗಾರನನ್ನು ಕತ್ತರಿಸಬೇಡಿ. ಸುದ್ದಿ ಹೇಳಲು ಹೆದರಿ ಸುತ್ತಿಬಳಸಿ ಮಾತಾಡುವ ಅವನು ನಗಿಸುತ್ತಾನೆ, ನಗಿಸಲೇಬೇಕು. ನಗಲು ಒಂದು ಸರಿಯಾದ ಜಾಗ ಸಿಕ್ಕಿದ ಸಭೆ ತಪ್ಪು ಜಾಗದಲ್ಲಿ ನಗುವುದು ಕಡಿಮೆ.

ಪಾತ್ರ ಹಂಚಿಕೆ

ಮಾತಿನ ಪಾತ್ರಗಳು ಎಂಟು: ಅಂತಿಗೊನೆ, ಅವಳ ಸೋದರಿ ಇಸ್ಮೆನೆ, ಕ್ರಿಯೋನ್, ಕಾವಲುಗಾರ, ಹೀಮಾನ್, ತೈರೀಸಿಯಸ್, ಸುದ್ದಿಗಾರ, ರಾಣಿ ಯೂರಿಡಿಸ್. ಜೊತೆಗೆ ತೈರೀಸಿಯಸ್‌ನ ಕೈಹಿಡಿದು ನಡೆಸುವ ಮಗು. ಮೇಳಕ್ಕೆ 12 ಜನ. ಉಳಿದ ಒಂಬತ್ತು ಮಂದಿ ನೇಪಥ್ಯಕ್ಕೆ: ಸ್ಟೇಜ್ ಮ್ಯಾನೇಜರ್, ಮರೆತ ಮಾತು ನೆನಪಿಸುವ ಪ್ರಾಂಪ್ಟರ್, ಬೆಳಕಿಗೆ ಇಬ್ಬರು, ಧ್ವನಿಗೆ ಒಬ್ಬರು, ಉಡುಪು ಮತ್ತು ಪರಿಕರಕ್ಕೆ ನಾಲ್ವರು. ತರಗತಿ ಚಿಕ್ಕದಾದರೆ ಒಬ್ಬರೇ ಎರಡು ಪಾತ್ರ ಮಾಡಬಹುದು. ಸಾಫೊಕ್ಲಿಸನ ಕಾಲದಲ್ಲಿ ಮೂವರೇ ನಟರು ಮುಖವಾಡ ಬದಲಿಸುತ್ತ ಎಲ್ಲ ಮಾತಿನ ಪಾತ್ರಗಳನ್ನೂ ಮಾಡುತ್ತಿದ್ದರು, ಮೇಳದಲ್ಲಿ 15 ಜನ ಇರುತ್ತಿದ್ದರು.

ಆಯ್ಕೆಯ ದಿನ ಮಕ್ಕಳನ್ನು ಅತ್ತು ತೋರಿಸಲು ಕೇಳಬೇಡಿ. ನಾಲ್ಕು ಸಾಲು ಕೊಟ್ಟು ಮೂರು ಬಗೆಯಲ್ಲಿ ಹೇಳಿಸಿ: ಪಕ್ಕದಲ್ಲಿ ಮಲಗಿದವರು ಏಳದಂತೆ, ಅಂಗಳದಾಚೆ ಇರುವವರಿಗೆ ಕೇಳುವಂತೆ, ತನಗೇ ಖಾತ್ರಿಯಿಲ್ಲದಂತೆ. ಮೂರರಲ್ಲೂ ಮಾತು ಬದಲಾಗುವ ಮಗು ನಿರ್ದೇಶನವನ್ನು ಕೇಳಿಸಿಕೊಳ್ಳಬಲ್ಲದು. ದೊಡ್ಡ ದನಿಗಿಂತ ಅದು ಮುಖ್ಯ. ಕ್ರಿಯೋನನಿಗೆ ತರಗತಿಯ ಅತಿ ಗಟ್ಟಿ ದನಿಯವರನ್ನು ಹುಡುಕುವ ಅಭ್ಯಾಸ ಇದೆ. ಅದರ ಬದಲು ಎಲ್ಲರೂ ನಂಬುವ, ಸಮಾಧಾನದ ಮಾತಿನ ಮಗುವನ್ನು ಹಾಕಿ ನೋಡಿ. ಕಟ್ಟಳೆ ಆ ಬಾಯಿಂದ ಬಂದಾಗ ಹೆಚ್ಚು ಹೆದರಿಕೆಯಾಗುತ್ತದೆ.

ಪಾತ್ರ ಪ್ರಕಟಿಸುವ ಮೊದಲು ಮನೆಯವರಿಗೆ ನಾಟಕದ ವಸ್ತುವನ್ನು ಬರೆದು ತಿಳಿಸಿ. ಇತ್ತೀಚೆಗೆ ಮನೆಯಲ್ಲಿ ಸಾವು ಕಂಡ ಮಗು ಇದ್ದರೆ ಒಬ್ಬೊಬ್ಬರನ್ನೇ ಕರೆದು ಮಾತಾಡಿಸಿ, ಯಾವ ಕೆಲಸ ಬೇಕೆಂದು ಅವರೇ ಆರಿಸಲಿ. ಕೆಲವರಿಗೆ ಮೇಳ ಸಮಾಧಾನ ಕೊಡುತ್ತದೆ, ಕೆಲವರಿಗೆ ಬೆಳಕಿನ ಬೋರ್ಡ್ ಹಿಂದೆ ನಿಲ್ಲುವುದು ಹಗುರ.

ತಾಲೀಮಿನ ಲೆಕ್ಕ

ಮೊದಲೆರಡು ವಾರ ಓದು ಮತ್ತು ಪಠ್ಯ. ಮೂರನೆಯದರಲ್ಲಿ ಹಂಚಿಕೆ, ಕೂತು ಮಾತು ಹೇಳುವುದು. ನಾಲ್ಕರಿಂದ ಆರು ಚಲನೆ ಕೂರಿಸುವುದು, ಆರನೆಯ ವಾರದ ಕೊನೆಗೆ ಕೈಯಿಂದ ಹಾಳೆ ಹೋಗಬೇಕು. ಏಳು, ಎಂಟು ಬಿಡಿ ದೃಶ್ಯಗಳು. ಒಂಬತ್ತರಲ್ಲಿ ಬೆಳಕು, ಧ್ವನಿ ಸೇರಿಸಿ ನಿಲ್ಲಿಸುತ್ತ ಹೋಗುವುದು. ಹತ್ತರಲ್ಲಿ ಉಡುಪಿನೊಂದಿಗೆ ಎರಡು ಪೂರ್ತಿ ಓಟ, ಎಲ್ಲೂ ನಿಲ್ಲಿಸದೆ.

ಹಾಳೆ ಬಿಡುವ ದಿನ ತಪ್ಪಿದರೆ ಉಳಿದೆಲ್ಲ ತಪ್ಪುತ್ತದೆ. ಕೈಯಲ್ಲಿ ಹಾಳೆ ಹಿಡಿದವರು ಎದುರಿನವರ ಮುಖ ನೋಡುವುದಿಲ್ಲ, ಮುಖ ನೋಡದೆ ವಾದ ನಡೆಯುವುದಿಲ್ಲ. ಇನ್ನೊಂದು, ಪ್ರತಿ ತಾಲೀಮನ್ನೂ ಮೊದಲ ದೃಶ್ಯದಿಂದ ಶುರುಮಾಡಿದರೆ ಮೊದಲ ದೃಶ್ಯ ನಯವಾಗಿ ಕೊನೆಯದು ಹಸಿಯಾಗಿ ಉಳಿಯುತ್ತದೆ. ದುರಂತದಲ್ಲಿ ಭಾರವೆಲ್ಲ ಕೊನೆಯ ಹತ್ತು ನಿಮಿಷದ ಮೇಲೆ. ಏಳನೆಯ ವಾರ ಕೊನೆಯ ದೃಶ್ಯದಿಂದ ಹಿಂದಕ್ಕೆ ಬನ್ನಿ.

ವಾಕ್ಯದ ಬಾಲ

ಕನ್ನಡದಲ್ಲಿ ಆಡುವವರು ಗಮನಿಸಲೇಬೇಕಾದ ಒಂದು ಸಂಗತಿ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಲ್ಲ ಬೇಡ ಎನ್ನುವುದು ಅದರ ಬಾಲದಲ್ಲಿರುತ್ತದೆ. ಮಕ್ಕಳು ಸಾಲು ಜೋರಾಗಿ ಶುರುಮಾಡಿ ಕೊನೆಗೆ ಉಸಿರು ಸಾಲದೆ ದನಿ ಇಳಿಸುತ್ತಾರೆ. ‘ಬೇಲಿಯಾಚೆಗೆ ಯಾರಾದರೂ ಹೋಗ...’ ಇಷ್ಟು ಕೇಳಿಸಿ ಮುಂದಿನದು ನುಂಗಿಹೋದರೆ ಹೋಗಬಹುದೋ ಹೋಗಬಾರದೋ ಹಿಂದಿನ ಸಾಲಿನವರಿಗೆ ಗೊತ್ತಾಗುವುದಿಲ್ಲ. ಇಡೀ ನಾಟಕ ನಿಂತಿರುವುದೇ ಆ ‘ಬಾರದು’ ಮೇಲೆ.

ಪರಿಹಾರ ಕಷ್ಟವಿಲ್ಲ. ಪ್ರತಿಯೊಬ್ಬರೂ ತಮ್ಮ ಹಾಳೆಯಲ್ಲಿ ವಾಕ್ಯದ ಕೊನೆಯ ಪದಕ್ಕೆ ಗೆರೆ ಎಳೆಯಲಿ, ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಅಡ್ಡಗೀಟು ಹಾಕಲಿ. ಒಂದು ತಾಲೀಮಿನಲ್ಲಿ ಬರೀ ಕೊನೆಯ ಪದಗಳನ್ನಷ್ಟೇ ಹೇಳಿಸಿ: ಮುಟ್ಟಕೂಡದು, ಮುಟ್ಟಿದೆ, ಒಪ್ಪುವುದಿಲ್ಲ, ಬಿಡುವುದಿಲ್ಲ. ಇಷ್ಟರಲ್ಲೇ ಕಥೆ ತಿಳಿಯುತ್ತದೆ. ಸಭಾಂಗಣದ ಕೊನೆಯ ಸಾಲಿನಲ್ಲಿ ಪಠ್ಯ ಓದಿರದ ಒಬ್ಬರನ್ನು ಕೂರಿಸಿ, ಕೇಳಿಸದ ಪದ ಬಂದಾಗಲೆಲ್ಲ ಕೈ ಎತ್ತಲು ಹೇಳಿ. ನಿಮ್ಮ ಕಿವಿಯನ್ನು ನಂಬಬೇಡಿ, ನಿಮಗೆ ಮಾತೆಲ್ಲ ಬಾಯಿಪಾಠ.

ಮೇಳ

ಹನ್ನೆರಡು ಜನ ಒಟ್ಟಿಗೆ ದೀರ್ಘ ವಾಕ್ಯ ಹೇಳಿದರೆ ಗದ್ದಲವಾಗುತ್ತದೆ. ನಾಲ್ವರ ಮೂರು ಗುಂಪು ಮಾಡಿ. ಉದ್ದದ ಸಾಲನ್ನು ಒಬ್ಬರು ಹೇಳಲಿ, ಗುಂಪು ಅದರ ಒಂದು ಪದವನ್ನು ಎತ್ತಿಕೊಳ್ಳಲಿ, ಎಲ್ಲರೂ ಸೇರಿ ಹೇಳುವ ಸಾಲು ಐದಾರು ಪದಕ್ಕಿಂತ ಉದ್ದ ಬೇಡ. ಒಟ್ಟಿಗೆ ಶುರುಮಾಡಲು ಕೈಸನ್ನೆ ಬೇಕಿಲ್ಲ. ಮುಂದಿರುವವರು ಕೇಳುವಂತೆ ಉಸಿರೆಳೆದರೆ ಉಳಿದವರೂ ಎಳೆಯುತ್ತಾರೆ, ಬಿಡುವಾಗ ಮಾತು ಒಂದಾಗಿ ಬರುತ್ತದೆ. ಎರಡು ತಾಲೀಮಿನಲ್ಲಿ ಇದು ಕೂರುತ್ತದೆ.

ಮೇಳಕ್ಕೂ ಒಂದು ಪಯಣ ಬೇಕು. ಶುರುವಿನಲ್ಲಿ ಅವರು ಕ್ರಿಯೋನನ ಹತ್ತಿರ ನಿಂತಿರಲಿ. ಹೀಮಾನ್ ಹೋದಮೇಲೆ ಒಂದು ಹೆಜ್ಜೆ ದೂರ. ತೈರೀಸಿಯಸ್ ಹೋದಮೇಲೆ ಇನ್ನಷ್ಟು. ಕೊನೆಗೆ ಅವನ ಸುತ್ತ ಎಂಟು ಅಡಿ ಬರಿನೆಲ. ಯಾರೂ ಏನೂ ಹೇಳದೆ ಅವನ ಒಂಟಿತನ ಕಣ್ಣಿಗೆ ಕಾಣುತ್ತದೆ.

ಸಾವನ್ನು ತೋರಿಸುವುದು

ಮೂಲದಲ್ಲಿ ಅಂತಿಗೊನೆ, ಹೀಮಾನ್, ಯೂರಿಡಿಸ್ ಮೂವರದೂ ಆತ್ಮಹತ್ಯೆ, ಮೂರೂ ರಂಗದಾಚೆ. ಮಕ್ಕಳ ನಾಟಕದಲ್ಲಿ ಇದನ್ನು ಹೇಗೆ ನಡೆಸುತ್ತೀರಿ ಎನ್ನುವುದು ಅತ್ಯಂತ ದೊಡ್ಡ ಜವಾಬ್ದಾರಿ. ವಿಧಾನವನ್ನು ತೋರಿಸಬೇಡಿ, ವರ್ಣಿಸಲೂ ಬೇಡಿ. ಹಗ್ಗದ ಕುಣಿಕೆ ರಂಗದ ಮೇಲೆ ಬರಲೇಕೂಡದು, ತಾಲೀಮಿನ ತಮಾಷೆಗೂ ಕೂಡದು. ಸಾವನ್ನು ಬಿಡುಗಡೆಯೆಂದೋ ಸೇಡೆಂದೋ ಹೊಗಳುವ ಸಾಲಿದ್ದರೆ ತೆಗೆಯಿರಿ.

ಹೊಸದಾಗಿ ಕಟ್ಟುವ ಸ್ವಾತಂತ್ರ್ಯ ಇಲ್ಲಿ ನೆರವಿಗೆ ಬರುತ್ತದೆ. ಮೇಲಿನ ಊರಿನಲ್ಲಿ ಅಂತಿಗೊನೆ ಬೀಗ ಹಾಕಿದ ಕೋಣೆಯಲ್ಲಿ ಜ್ವರದಿಂದ ಸಾಯಬಹುದು, ಕ್ರಿಯೋನ್ ಮೊದಲು ಬೇಲಿಯ ಕಡೆ ಹೋಗಿದ್ದಕ್ಕೇ ಬಾಗಿಲು ತೆಗೆಯುವುದು ತಡವಾಗಬಹುದು. ಹೀಮಾನ್ ಬೇಲಿ ದಾಟಿ ಹೊರಟುಹೋಗಲಿ, ಕಟ್ಟಳೆಯ ಪ್ರಕಾರ ದಾಟಿದವರು ಮತ್ತೆ ಒಳಗೆ ಬರುವಂತಿಲ್ಲ. ಯೂರಿಡಿಸ್ ಮೂಲದಲ್ಲಿ ಸುದ್ದಿ ಕೇಳಿ ಒಂದು ಮಾತೂ ಆಡದೆ ಒಳಗೆ ಹೋಗುತ್ತಾಳೆ. ಆ ಮೌನವನ್ನು ಉಳಿಸಿಕೊಂಡು ಬಾಗಿಲು ಮುಚ್ಚಿದ ಸದ್ದಿಗೇ ನಿಲ್ಲಿಸಿ. ಸಾವು ಒಂದೇ ಆದರೂ ನಷ್ಟ ಮೂರೇ.

ಸುದ್ದಿಗಾರನ ಮಾತಿಗೆ ಎರಡೂವರೆ ನಿಮಿಷ ಕೊಡಿ. ಅದನ್ನು ಸಭೆಗೆ ಹೇಳಿಸಿದರೆ ವರದಿಯಂತಾಗುತ್ತದೆ, ಯೂರಿಡಿಸ್‌ಗೆ ಹೇಳಿಸಿ. ಅವಳ ಮುಖ ಕಾಣುತ್ತಿರಬೇಕು, ಅವನ ಬೆನ್ನು ಅರ್ಧ ಸಭೆಗಿದ್ದರೂ ಪರವಾಗಿಲ್ಲ. ಮಾತನ್ನು ಕಂಡದ್ದು, ಕೇಳಿದ್ದು, ಮುಟ್ಟಿದ್ದು ಎಂದು ಮೂರು ತುಂಡು ಮಾಡಿಕೊಂಡರೆ ನೆನಪಿಡುವುದು ಸುಲಭ: ಕಿಂಡಿಯ ತಟ್ಟೆ ಇಟ್ಟಲ್ಲೇ ಇತ್ತು, ಒಳಗಿಂದ ಸದ್ದಿಲ್ಲ, ಬೀಗ ತಣ್ಣಗಿತ್ತು. ಸುದ್ದಿಗಾರ ಅಳಬಾರದು. ನಟ ಅತ್ತುಬಿಟ್ಟರೆ ಸಭೆ ಅಳುವುದಿಲ್ಲ, ಮಾತೂ ಕೇಳಿಸುವುದಿಲ್ಲ.

ಹೆಣ ರಂಗದ ಮೇಲೆ ಬೇಕೇಬೇಕು ಎಂದಾದರೆ ಬಿಳಿ ಬಟ್ಟೆ ಸುತ್ತಿದ ಉದ್ದ ದಿಂಬು ಸಾಕು. ಮಲಗಿದ ಮಗುವಿನ ಹೊಟ್ಟೆ ಏರಿಳಿಯುತ್ತದೆ, ಮುಂದಿನ ಸಾಲಿನ ಚಿಕ್ಕವರು ಅದನ್ನೇ ನೋಡಿ ನಗುತ್ತಾರೆ. ಆದರೆ ದಿಂಬಿಗೆ ತೂಕ ಇರಲಿ, ಒಳಗೆ ನಾಲ್ಕು ಮರಳಿನ ಚೀಲ ಇಡಿ. ಹಗುರ ಹೆಣವನ್ನು ಇಬ್ಬರು ಲೀಲಾಜಾಲವಾಗಿ ಎತ್ತಿದ ಕ್ಷಣ ನಂಬಿಕೆ ಹೋಗುತ್ತದೆ.

ಪ್ರತಿ ತಾಲೀಮಿನ ಕೊನೆಗೆ ಐದು ನಿಮಿಷ ಪಾತ್ರ ಕಳಚಲು ಮೀಸಲಿಡಿ. ವೃತ್ತದಲ್ಲಿ ನಿಂತು, ಪಾತ್ರದ ಒಂದು ವಸ್ತುವನ್ನು ಪೆಟ್ಟಿಗೆಗೆ ಹಾಕಿ, ಸ್ವಂತ ಹೆಸರು ಹೇಳಿ ಹೊರಡಲಿ. ಹತ್ತು ವಾರ ಸಾವಿನ ಮಾತಾಡುವ ಮಕ್ಕಳು ಅದನ್ನು ಮನೆಗೆ ಒಯ್ಯಬಾರದು.

ರಂಗಸಜ್ಜಿಕೆ, ಬೆಳಕು

ಒಂದು ಬಾಗಿಲು, ಒಂದು ಬೇಲಿ, ಎರಡು ಲೆವೆಲ್ (ಹತ್ತಿ ನಿಲ್ಲುವ ತಗ್ಗು ಕಟ್ಟೆ). ಲೆವೆಲ್‌ಗಳು ಆರು ಅಡಿ ಉದ್ದ, ಮೂರು ಅಡಿ ಅಗಲ, ಒಂದು ಅಡಿ ಎತ್ತರ ಇದ್ದರೆ ಸಾಕು. ಅಂಚಿಗೆ ಬಿಳಿ ಟೇಪ್ ಅಂಟಿಸಿ, ಇಲ್ಲದಿದ್ದರೆ ಕತ್ತಲಲ್ಲಿ ಯಾರಾದರೂ ಬೀಳುತ್ತಾರೆ. ಬೇಲಿಗೆ ನಿಜವಾದ ತಂತಿ ಬೇಡ, ಹಗ್ಗವೇ ಇರಲಿ. ಒಂದೇ ಎಳೆಯನ್ನು ಮೊಣಕಾಲೆತ್ತರಕ್ಕೆ ಕಟ್ಟಿದರೆ ಎಡವುತ್ತಾರೆ, ಸೊಂಟದೆತ್ತರಕ್ಕೆ ಕಟ್ಟಿ. ನಿಜವಾದ ಬೆಂಕಿ, ದೀಪ, ಚೂಪಾದ ಲೋಹ ಯಾವುದೂ ರಂಗದ ಮೇಲೆ ಬೇಡ.

ಆರು ಲೈಟುಗಳಲ್ಲಿ ಕೆಲಸ ನಡೆಯುತ್ತದೆ. ಮುಂದಿನಿಂದ ನಾಲ್ಕು, ಎರಡೆರಡು ಪಕ್ಕಗಳಿಂದ, ಮುಖಕ್ಕೆ ಸುಮಾರು 45 ಡಿಗ್ರಿ ಮೇಲಿನಿಂದ ಬೀಳುವಂತೆ. ನೇರ ತಲೆಯ ಮೇಲಿಟ್ಟರೆ ಕಣ್ಣು ಗುಳಿಯಾಗಿ ಕಾಣುತ್ತದೆ. ಐದನೆಯದು ಬಾಗಿಲ ಹಿಂದಿನಿಂದ, ಆರನೆಯದು ಬೇಲಿಯಾಚೆಗೆ ಮಾತ್ರ. ದೃಶ್ಯದ ನಡುವೆ ಪೂರ್ತಿ ಕತ್ತಲು ಮಾಡಬೇಡಿ. ಪ್ರತಿ ಕತ್ತಲಲ್ಲೂ ಸಭೆ ಮಾತಿಗಿಳಿಯುತ್ತದೆ, ಮತ್ತೆ ಹಿಡಿದು ತರಲು ಒಂದು ನಿಮಿಷ ಬೇಕು. ಮೇಳ ನಡೆದು ಬರುವುದೇ ದೃಶ್ಯ ಬದಲಾವಣೆಯಾಗಲಿ.

ಕ್ರಿಯೋನ್ ಹೊರಟಾಗ ಬೇಲಿಯ ಕಡೆಗೋ ಬಾಗಿಲ ಕಡೆಗೋ ಎಂಬುದು ಸಭೆಗೆ ಕಾಣಬೇಕು ಎಂದೆವಲ್ಲ. ಇದಕ್ಕೆ ಬೇಲಿ ಒಂದು ಪಕ್ಕ, ಬಾಗಿಲು ಇನ್ನೊಂದು ಪಕ್ಕ ಇರಬೇಕು. ಅವನು ನಡುವೆ ನಿಂತು ಎರಡನ್ನೂ ನೋಡಿ, ಮೂರು ಎಣಿಸುವಷ್ಟು ಹೊತ್ತು ತಡೆದು, ಬೇಲಿಯ ಕಡೆ ನಡೆಯಲಿ. ಬಾಗಿಲ ಹಿಂದಿನ ಬೆಳಕು ಅವನ ಹೆಜ್ಜೆಯ ಜೊತೆ ನಿಧಾನ ಇಳಿಯಲಿ. ಇಡೀ ನಾಟಕದ ಬೆಳಕಿನಲ್ಲಿ ಈ ಒಂದು ಕ್ಯೂ (ಬದಲಾವಣೆಯ ಸೂಚನೆ) ಸರಿಯಾಗಿ ಬಂದರೆ ಉಳಿದದ್ದು ಹೆಚ್ಚುಕಡಿಮೆಯಾದರೂ ನಡೆಯುತ್ತದೆ, ಹಾಗಾಗಿ ತಾಂತ್ರಿಕ ತಾಲೀಮಿನಲ್ಲಿ ಇದನ್ನೇ ಹತ್ತು ಸಲ ಮಾಡಿಸಿ.

ಪ್ರದರ್ಶನದ ದಿನ

ಎರಡು ಗಂಟೆ ಮೊದಲು ಎಲ್ಲರೂ ಸೇರಲಿ. ಪರಿಕರದ ಮೇಜಿನ ಮೇಲೆ ಪ್ರತಿ ವಸ್ತುವಿಗೂ ಚೌಕ ಬರೆದು ಹೆಸರು ಹಾಕಿ, ಖಾಲಿ ಚೌಕ ಕಂಡರೆ ಏನು ಕಾಣೆಯಾಗಿದೆ ಎಂದು ತಕ್ಷಣ ತಿಳಿಯುತ್ತದೆ. ಕರೆಯೋಲೆಯಲ್ಲಿ, ಪ್ರವೇಶದ ಬಳಿ, ನಾಟಕದಲ್ಲಿ ಸಾವಿನ ಪ್ರಸ್ತಾಪ ಇದೆ ಎಂದು ಒಂದು ಸಾಲು ಇರಲಿ. ಕ್ಯೂಗಳನ್ನು ಸ್ಟೇಜ್ ಮ್ಯಾನೇಜರ್ ಒಬ್ಬರೇ ಕೊಡಬೇಕು. ಶಿಕ್ಷಕರು ವಿಂಗ್‌ನಲ್ಲಿ ನಿಂತು ಪಿಸುಗುಟ್ಟಿದರೆ ಮಕ್ಕಳ ಕಣ್ಣು ಅತ್ತಲೇ ಹೋಗುತ್ತದೆ. ನೀವು ಸಭೆಯಲ್ಲಿ ಕೂತುಕೊಳ್ಳಿ.

ಮಾತು ಮರೆತರೆ ಏನು ಮಾಡಬೇಕೆಂಬುದನ್ನೂ ಮೊದಲೇ ತಾಲೀಮು ಮಾಡಿಸಿರಬೇಕು. ಎದುರಿನವರು ಮರೆತ ಸಾಲನ್ನೇ ಪ್ರಶ್ನೆಯಾಗಿ ಕೇಳುವುದು ಒಳ್ಳೆಯ ಉಪಾಯ: ‘ಹಾಗಾದರೆ ಬೇಲಿ ದಾಟಿದ್ದು ನೀನೇ ಅಂತೀಯಾ?’ ಅದೂ ಸಾಗದಿದ್ದರೆ ಪ್ರಾಂಪ್ಟರ್ ಸಾಲಿನ ಮೊದಲ ಎರಡು ಪದ ಕೊಡಲಿ, ಪೂರ್ತಿ ವಾಕ್ಯ ಬೇಡ.

ಕೊನೆಯ ಬೆಳಕು ಇಳಿದ ಮೇಲೆ ಐದು ಎಣಿಸುವವರೆಗೆ ಯಾರೂ ಅಲುಗಬಾರದು. ಚಪ್ಪಾಳೆ ತಡವಾಗಿ ಬಂದರೆ ಹೆದರಬೇಡಿ ಎಂದು ಮಕ್ಕಳಿಗೆ ಮೊದಲೇ ಹೇಳಿರಿ, ಇಂಥ ನಾಟಕಕ್ಕೆ ಅದು ಸಹಜ. ನಮಸ್ಕಾರಕ್ಕೆ ಮೇಳ ಮೊದಲು ಬರಲಿ, ನೇಪಥ್ಯದವರನ್ನೂ ಕರೆಯಿರಿ, ಅಂತಿಗೊನೆ ಮತ್ತು ಕ್ರಿಯೋನ್ ಕೈಹಿಡಿದು ಒಟ್ಟಿಗೆ ಬರಲಿ. ಆಮೇಲೆ ಮನೆಯವರ ಬಳಿ ಬಿಡುವ ಮೊದಲು, ಆ ಗಡಿಬಿಡಿಯಲ್ಲೂ, ವೃತ್ತ ಕಟ್ಟಿ ಹೆಸರು ಹೇಳಿಸುವುದನ್ನು ಬಿಡಬೇಡಿ.